ಅಪರೂಪದ ಯುದ್ಧಟ್ಯಾಂಕುಗಳ ಪುಟಾಣಿ ಮಾಡೆಲ್ ಹುಡುಕುವುದು ಹೇಗೆ? ಮೇಜಿನ ಮೇಲೆ ಯುದ್ಧದಾಟ ಆಡುವವರಿಗೆ ಸಮಗ್ರ ಮಾರ್ಗದರ್ಶಿ

ಟೈಗರ್, ಶೆರ್ಮನ್, ಟಿ-34. ಈ ಮೂರರ ಮಾಡೆಲ್ ಬೇಕೆಂದರೆ ಹುಡುಕುವ ಪ್ರಶ್ನೆಯೇ ಇಲ್ಲ. ಯಾವ ಸ್ಕೇಲಿನಲ್ಲಿ (ನಿಜವಾದ ಗಾತ್ರವನ್ನು ಎಷ್ಟು ಪಾಲಿಗೆ ಕುಗ್ಗಿಸಿದೆ ಎಂಬ ಅಳತೆ) ಕೇಳಿದರೂ ಸಿಗುತ್ತವೆ. ಆದರೆ ಎರಡನೇ ಮಹಾಯುದ್ಧ ನಡೆದದ್ದು ಈ ಮೂರೇ ಟ್ಯಾಂಕುಗಳಿಂದಲ್ಲ. 1939ರ ಸೆಪ್ಟೆಂಬರಿನಲ್ಲಿ ಪೋಲೆಂಡಿನ ಸೈನಿಕರು 7ಟಿಪಿ ಟ್ಯಾಂಕುಗಳಲ್ಲಿ ಕೂತು ಜರ್ಮನ್ ಸೇನೆಗೆ ಎದುರು ನಿಂತರು. ಹಂಗೇರಿಯವರ ಬಳಿ ತೋಲ್ದಿ, ತುರಾನ್ ಇದ್ದವು. ಫಿನ್ಲೆಂಡಿನವರು ಶತ್ರುವಿನಿಂದ ಕಿತ್ತುಕೊಂಡ ಸೋವಿಯತ್ ಟ್ಯಾಂಕಿನ ಮೇಲೆ ಬ್ರಿಟಿಷ್ ಹೊವಿಟ್ಜರ್ (ಗಿಡ್ಡ ನಳಿಗೆಯ ದೊಡ್ಡ ತೋಪು) ಕೂರಿಸಿ ಬಿಟಿ-42 ಎಂಬ ವಾಹನವನ್ನೇ ಕಟ್ಟಿಕೊಂಡರು. ಈ ಸೇನೆಗಳನ್ನು ಮೇಜಿನ ಮೇಲೆ ಇಳಿಸಬೇಕೆಂದು ಹೊರಟಾಗಲೇ ಮಾಡೆಲ್ ಹುಡುಕುವ ಕಷ್ಟ ಗೊತ್ತಾಗುವುದು. ಕಷ್ಟಪಡುವುದಕ್ಕೆ ತಕ್ಕ ಕೆಲಸವೂ ಹೌದು. ಸಣ್ಣ ದೇಶಗಳ ಯುದ್ಧ ನಮ್ಮ ಮೇಜಿಗೆ ಬರದೇ ಹೋದರೆ ನಾವು ಆಡುವ ಇತಿಹಾಸ ಅರ್ಧಕ್ಕೇ ನಿಲ್ಲುತ್ತದೆ.

ಯುದ್ಧದಲ್ಲಿ ಅಪರೂಪವಾಗಿದ್ದ ಟ್ಯಾಂಕೇ ಬೇರೆ, ಅಂಗಡಿಯಲ್ಲಿ ಅಪರೂಪವಾದ ಟ್ಯಾಂಕೇ ಬೇರೆ. ಜರ್ಮನಿಯ ಮೌಸ್ ತಯಾರಾದದ್ದು ಎರಡೇ ಮಾದರಿ, ಅವೂ ಕದನ ಕಂಡವಲ್ಲ. ಆದರೂ ಅದರ ಮಾಡೆಲ್ ಹೆಚ್ಚುಕಡಿಮೆ ಎಲ್ಲ ಸ್ಕೇಲಿನಲ್ಲೂ ಇದೆ. ತುರಾನ್ 400ಕ್ಕೂ ಹೆಚ್ಚು ತಯಾರಾಗಿ ರಣರಂಗದಲ್ಲಿ ಓಡಾಡಿತು, ಅದನ್ನು ಮಾತ್ರ ಸ್ಕೇಲಿನಿಂದ ಸ್ಕೇಲಿಗೆ ಅಲೆದು ಹುಡುಕಬೇಕು. ಮಾರುಕಟ್ಟೆ ನೋಡುವುದು ಹೆಸರಿನ ಜನಪ್ರಿಯತೆಯನ್ನು. ಆದ್ದರಿಂದಲೇ ಈ ಮಾರ್ಗದರ್ಶಿಯ ಉದ್ದಕ್ಕೂ ಒಂದು ಮಾತನ್ನು ಬಿಡದೆ ಹೇಳುತ್ತೇನೆ: ಟ್ಯಾಂಕಿನ ಹೆಸರೊಂದನ್ನೇ ಹಿಡಿದು ಹುಡುಕಬೇಡಿ, ಅದರ ವಂಶ ಹಿಡಿದು ಹುಡುಕಿ. ಅಪರೂಪದ ಟ್ಯಾಂಕು ಒಂಟಿಯಾಗಿ ಹುಟ್ಟಿರುವುದು ಬಹಳ ಕಡಿಮೆ. ಅದರ ಚಾಸಿ, ಅಂದರೆ ಗಾಲಿ, ಟ್ರ್ಯಾಕುಗಳಿರುವ ಕೆಳಭಾಗ, ಯಾವುದೋ ಪರಿಚಿತ ಟ್ಯಾಂಕಿನದು, ತೋಪು ಇನ್ಯಾವುದರದೋ ಆಗಿರುತ್ತದೆ.

ಹೆಜ್ಜೆ 1: ಯಾವ ಟ್ಯಾಂಕು, ಯಾವ ವರ್ಷದ್ದು, ಯಾವ ಆವೃತ್ತಿ?

"ನನಗೊಂದು ತೋಲ್ದಿ ಬೇಕು" ಎಂದರೆ ಸಾಲದು. ತೋಲ್ದಿಯ ಮೊದಲ ಆವೃತ್ತಿಯಲ್ಲಿದ್ದದ್ದು 20 ಮಿ.ಮೀ. ತೋಪು, ನಂತರದ ಆವೃತ್ತಿಯಲ್ಲಿ 40 ಮಿ.ಮೀ. ತುರಾನ್‌ನ ಮೊದಲ ಆವೃತ್ತಿಯಲ್ಲಿ 40 ಮಿ.ಮೀ. ತೋಪಿದ್ದರೆ ಎರಡನೆಯದರಲ್ಲಿ ಗಿಡ್ಡ ನಳಿಗೆಯ 75 ಮಿ.ಮೀ. ತೋಪು ಬಂತು, ಅದಕ್ಕೆ ಜಾಗ ಮಾಡಿಕೊಡಲು ಟರೆಟ್ (ತೋಪು ಹೊತ್ತು ತಿರುಗುವ ಮೇಲಿನ ಗೋಪುರ) ಕೂಡ ಎತ್ತರವಾಯಿತು. 7ಟಿಪಿಯಲ್ಲಿ ಎರಡು ಪುಟ್ಟ ಟರೆಟ್ಟುಗಳಲ್ಲಿ ಮಷೀನ್‌ಗನ್ ಇಟ್ಟುಕೊಂಡದ್ದು ಮೊದಲಿನ ಆವೃತ್ತಿ, ಒಂದೇ ಟರೆಟ್ಟಿನಲ್ಲಿ 37 ಮಿ.ಮೀ. ಬೊಫೋರ್ಸ್ ತೋಪಿರುವುದು ನಂತರದ್ದು. ಆಟದ ನಿಯಮಪುಸ್ತಕದಲ್ಲಿ ಇವಕ್ಕೆಲ್ಲ ಬೇರೆ ಬೇರೆ ಅಂಕಗಳಿರುತ್ತವೆ. ತಪ್ಪು ಆವೃತ್ತಿ ಕೊಂಡರೆ ಮಾಡೆಲ್ ಚೆನ್ನಾಗಿದ್ದರೂ ನಿಮ್ಮ ಪಡೆಯಲ್ಲಿ ಅದಕ್ಕೆ ಜಾಗವಿರುವುದಿಲ್ಲ.

ಜೊತೆಗೆ ಇನ್ನೊಂದನ್ನು ವಿಚಾರಿಸಿಕೊಳ್ಳಿ: ಈ ಟ್ಯಾಂಕು ನಿಜಕ್ಕೂ ಕದನಕ್ಕೆ ಇಳಿದಿತ್ತೇ? ಆಸ್ಟ್ರೇಲಿಯದ ಸೆಂಟಿನೆಲ್ ಎಸಿ1 65 ತಯಾರಾದವು, ಒಂದೂ ಯುದ್ಧ ಕಾಣಲಿಲ್ಲ. ಬ್ರಿಟನ್ನಿನ ಟೆಟ್ರಾರ್ಕ್ ಸಂಖ್ಯೆಯಲ್ಲಿ ಕಡಿಮೆಯಾದರೂ 1942ರಲ್ಲಿ ಮಡಗಾಸ್ಕರಿಗೆ ಹೋಯಿತು, 1944ರ ಜೂನ್‌ನಲ್ಲಿ ಹ್ಯಾಮಿಲ್ಕಾರ್ ಗ್ಲೈಡರಿನ ಹೊಟ್ಟೆಯೊಳಗೆ ಕೂತು ನಾರ್ಮಂಡಿಗೂ ಇಳಿಯಿತು. ಜರ್ಮನಿಯ ನೊಯ್‌ಬಾವ್‌ಫಾರ್ತ್ಸೊಯ್ಗ್ ಒಟ್ಟು ಐದೇ, ಅದರಲ್ಲಿ ಮೂರು 1940ರಲ್ಲಿ ನಾರ್ವೆಗೆ ಹೋದವು. ಐದು ಟರೆಟ್ಟುಗಳ ಸೋವಿಯತ್ ಟಿ-35 1941ರ ಬೇಸಿಗೆಯಲ್ಲಿ ಪಶ್ಚಿಮ ಯುಕ್ರೇನಿನ ರಸ್ತೆಗಳಲ್ಲಿ ಗುಂಡೇಟಿಗಿಂತ ಯಂತ್ರ ಕೆಟ್ಟೇ ಹೆಚ್ಚಾಗಿ ನಿಂತುಹೋಯಿತು. ಇಷ್ಟು ತಿಳಿದರೆ ನಿಮಗೆ ಬೇಕಾದದ್ದು ಒಂದು ಮಾಡೆಲ್ಲೋ ಮೂರೋ, ಓಡುವ ಸ್ಥಿತಿಯದ್ದೋ ರಸ್ತೆ ಬದಿಯಲ್ಲಿ ಬಿಟ್ಟುಹೋದದ್ದೋ ಎನ್ನುವುದೂ ಇತ್ಯರ್ಥವಾಗುತ್ತದೆ. ಕದನಕ್ಕೆ ಇಳಿಯದ ಟ್ಯಾಂಕನ್ನು ಆಡಲೇಬಾರದೆಂದಿಲ್ಲ. 'ಹೀಗಾಗಿದ್ದರೆ' ಎಂಬ ಕಲ್ಪಿತ ಸನ್ನಿವೇಶ ಎಂದು ಎದುರಾಳಿಗೆ ಮೊದಲೇ ಹೇಳಿ, ಒಪ್ಪಿಸಿಕೊಂಡು ಆಡಬೇಕು.

ಆವೃತ್ತಿ ಖಚಿತಪಡಿಸಿಕೊಳ್ಳಲು ವಸ್ತುಸಂಗ್ರಹಾಲಯಗಳ ಫೋಟೊಗಳನ್ನು ನೋಡಿ. ಬ್ರಿಟನ್ನಿನ ಬೋವಿಂಗ್ಟನ್, ಫ್ರಾನ್ಸಿನ ಸೋಮ್ಯೂರ್, ಜರ್ಮನಿಯ ಮುನ್‌ಸ್ಟರ್, ಫಿನ್ಲೆಂಡಿನ ಪರೋಲಾ, ರಷ್ಯದ ಕುಬಿಂಕಾ ಇವೆಲ್ಲ ಟ್ಯಾಂಕುಗಳಿಗೆಂದೇ ಹೆಸರಾದವು. ಆದರೆ ಅಲ್ಲಿ ನಿಂತಿರುವ ಟ್ಯಾಂಕಿನ ಬಣ್ಣವನ್ನು ಕಣ್ಣುಮುಚ್ಚಿ ನಂಬಬೇಡಿ. ಅವುಗಳಿಗೆ ಎಷ್ಟೋ ಸಲ ಹೊಸದಾಗಿ ಬಣ್ಣ ಬಳಿದಿರುತ್ತಾರೆ. ಆಕಾರ, ಗಾಲಿ, ಬೋಲ್ಟುಗಳ ಜಾಗಕ್ಕೆ ಅವನ್ನು ನೋಡಿ, ಬಣ್ಣಕ್ಕೆ ಆ ಕಾಲದ ಫೋಟೊ ಮತ್ತು ಬರಹಗಳನ್ನು ನೋಡಿ.

ಹೆಜ್ಜೆ 2: ಸ್ಕೇಲನ್ನು ಮಿಲಿಮೀಟರಿನಲ್ಲಿ ಕಣ್ಣಮುಂದೆ ತಂದುಕೊಳ್ಳಿ

ಆಟಕ್ಕೆ ಬಳಸುವ ಸ್ಕೇಲುಗಳು ಮುಖ್ಯವಾಗಿ ಇವು: 1/285 ಮತ್ತು 1/300 (6 ಮಿ.ಮೀ.), 1/144, 1/100 (15 ಮಿ.ಮೀ.), 1/72 ಮತ್ತು 1/76 (20 ಮಿ.ಮೀ.), 1/56 (28 ಮಿ.ಮೀ.). ಫ್ಲೇಮ್ಸ್ ಆಫ್ ವಾರ್ ಆಡುವವರಿಗೆ 1/100, ಬೋಲ್ಟ್ ಆ್ಯಕ್ಷನ್ ಆಡುವವರಿಗೆ 1/56 ಬೇಕು. ದೊಡ್ಡ ದಂಡನ್ನೇ ಮೇಜಿನ ಮೇಲೆ ಹರಡಬೇಕೆನ್ನುವವರು 1/285ರ ಕಡೆ ಹೋಗುತ್ತಾರೆ.

ಲೆಕ್ಕ ಸುಲಭ. ನಿಜವಾದ ಟ್ಯಾಂಕಿನ ಉದ್ದವನ್ನು ಮಿಲಿಮೀಟರಿಗೆ ತಂದು ಸ್ಕೇಲಿನಿಂದ ಭಾಗಿಸಿ. ಟಿ-35ರ ಉದ್ದ 9.72 ಮೀಟರ್. 1/285ರಲ್ಲಿ ಅದು 34 ಮಿ.ಮೀ., 1/100ರಲ್ಲಿ 97, 1/72ರಲ್ಲಿ 135, 1/56ರಲ್ಲಿ 174 ಮಿ.ಮೀ. ಆಗುತ್ತದೆ. 174 ಮಿ.ಮೀ. ಎಂದರೆ ಅಂಗೈ ಮೀರಿದ ಗಾತ್ರ. ಆಟದ ಮೇಜಿನ ಮೇಲಿನ ಹಳ್ಳಿಯ ಬೀದಿಯಲ್ಲಿ ಅದು ತಿರುಗುವುದೂ ಇಲ್ಲ, ಸೇತುವೆಯ ಮೇಲೆ ಹಿಡಿಸುವುದೂ ಇಲ್ಲ. ಕೊಳ್ಳುವ ಮೊದಲು ಕಾಗದದ ಮೇಲೆ ಆ ಅಳತೆಯ ಆಯತ ಬರೆದು ಕತ್ತರಿಸಿ, ನಿಮ್ಮ ಮೇಜಿನ ಮೇಲೆ ಇಟ್ಟು ನೋಡಿ.

"15 ಎಂಎಂ", "28 ಎಂಎಂ" ಎಂದು ಬರೆದಿರುವುದು ಸೈನಿಕನ ಗೊಂಬೆಯ ಎತ್ತರದ ಅಂದಾಜು, ಟ್ಯಾಂಕಿನ ಸ್ಕೇಲಲ್ಲ. ಹೀಗಾಗಿ 28 ಎಂಎಂ ಎಂಬ ಹೆಸರಿನಲ್ಲಿ 1/56ರ ಟ್ಯಾಂಕನ್ನೂ ಮಾರುತ್ತಾರೆ, 1/48ರದ್ದನ್ನೂ ಮಾರುತ್ತಾರೆ. 4.75 ಮೀಟರ್ ಉದ್ದದ ತೋಲ್ದಿ ಮೊದಲನೆಯದರಲ್ಲಿ 85 ಮಿ.ಮೀ., ಎರಡನೆಯದರಲ್ಲಿ 99 ಮಿ.ಮೀ. ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. 1/72 ಮತ್ತು 1/76ರ ನಡುವೆ ಇರುವುದು ಶೇಕಡಾ ಐದೂವರೆಯಷ್ಟು ಅಂತರ ಮಾತ್ರ. ಬೇರೆ ಬೇರೆ ಜಾತಿಯ ಟ್ಯಾಂಕುಗಳಾದರೆ ಒಟ್ಟಿಗೆ ಆಡಿಸಬಹುದು, ಒಂದೇ ಟ್ಯಾಂಕಿನ ತುಕಡಿಯಲ್ಲಿ ಬೆರೆಸಬೇಡಿ. ಅಪರೂಪದ್ದು ಹುಡುಕುವವರಿಗೆ ಈ ಸಲಿಗೆ ದೊಡ್ಡ ವರ, ಏಕೆಂದರೆ ಹುಡುಕುವ ಬಾಗಿಲು ಎರಡಾಗುತ್ತವೆ.

ಹೆಜ್ಜೆ 3: ವಂಶಾವಳಿ ಬರೆದುಕೊಳ್ಳಿ

ನನ್ನ ಮಟ್ಟಿಗೆ ಈ ಇಡೀ ಕೆಲಸದ ಜೀವಾಳ ಇದೇ. ಒಂದು ಹಾಳೆಯಲ್ಲಿ ನಿಮಗೆ ಬೇಕಾದ ಟ್ಯಾಂಕಿನ ಹೆಸರು ಬರೆದು ಮೂರು ವಿಷಯ ತುಂಬಿಸಿ: ಅದು ಯಾವುದರಿಂದ ಹುಟ್ಟಿತು, ಬೇರೆ ಸೇನೆಗಳಲ್ಲಿ ಅದಕ್ಕೆ ಏನು ಹೆಸರಿತ್ತು, ಅದರ ಚಾಸಿಯ ಮೇಲೆ ಮುಂದೆ ಏನೇನು ಕಟ್ಟಿದರು.

ರೊಮೇನಿಯಾದ ಆರ್-2 ಟ್ಯಾಂಕನ್ನೇ ತೆಗೆದುಕೊಳ್ಳಿ. ಆರ್-2 ಎಂದು ಹುಡುಕಿದರೆ ಬೆರಳೆಣಿಕೆಯಷ್ಟು ಸಿಕ್ಕಾವು. ಆದರೆ ಅದು ಜೆಕೊಸ್ಲೊವಾಕಿಯಾದ ಸ್ಕೋಡಾ ಕಾರ್ಖಾನೆಯ ಎಲ್‌ಟಿ ವಿಝಡ್ 35. ಜರ್ಮನರು ಜೆಕ್ ದೇಶವನ್ನು ನುಂಗಿದ ಮೇಲೆ ಅದೇ ಟ್ಯಾಂಕಿಗೆ ಪಾನ್ಸರ್ 35(ಟಿ) ಎಂದು ಹೆಸರಿಟ್ಟರು. ಆ ಹೆಸರಿನಲ್ಲಿ ಹುಡುಕಿ ನೋಡಿ, ಪಟ್ಟಿ ಉದ್ದವಾಗುತ್ತದೆ. ಜರ್ಮನ್ ಗುರುತುಗಳ ಡಬ್ಬಿ ತಂದು, ಅದರ ಡೀಕಾಲ್ (ಅಂಟಿಸುವ ಗುರುತುಚೀಟಿ) ಬಿಟ್ಟು ರೊಮೇನಿಯಾದ ಗುರುತು ಅಂಟಿಸಿದರೆ ಮುಕ್ಕಾಲು ಕೆಲಸ ಮುಗಿಯಿತು. ಅದೇ ಆರ್-2ರ ಚಾಸಿಯ ಮೇಲೆ ಸೋವಿಯತ್ 76.2 ಮಿ.ಮೀ. ತೋಪು ಕೂರಿಸಿ ರೊಮೇನಿಯಾದವರು ಟಾಕಾಮ್ ಆರ್-2 ಎಂಬ, ಶತ್ರು ಟ್ಯಾಂಕುಗಳನ್ನು ಹೊಡೆಯುವ ವಾಹನ ಮಾಡಿದರು. ವಶವಾದ ಸೋವಿಯತ್ ಟಿ-60 ಟ್ಯಾಂಕಿನಿಂದ 34 ಟಾಕಾಮ್ ಟಿ-60 ಮಾಡಿದರು. ಇವೆರಡನ್ನೂ ಕಟ್ಟಬೇಕಾದವರಿಗೆ ಅಡಿಪಾಯ ಸಾಮಾನ್ಯ ಕಿಟ್ಟುಗಳಲ್ಲೇ (ಬಿಡಿಭಾಗ ಜೋಡಿಸಿ ಕಟ್ಟುವ ಮಾಡೆಲ್ ಡಬ್ಬಿ) ಇದೆ.

ಇನ್ನೊಂದು ಜೆಕ್ ಟ್ಯಾಂಕಾದ ಪಾನ್ಸರ್ 38(ಟಿ)ಯನ್ನು ಜರ್ಮನಿಯಷ್ಟೇ ಅಲ್ಲ, ಸ್ಲೊವಾಕಿಯಾ, ಹಂಗೇರಿ, ರೊಮೇನಿಯಾಗಳೂ ಬಳಸಿದವು. ಸ್ವೀಡನ್ ಅದನ್ನು ಪರವಾನಗಿ ಪಡೆದು ಎಸ್‌ಟಿಆರ್‌ವಿ ಎಂ/41 ಎಂದು ತಯಾರಿಸಿತು. ತೋಲ್ದಿಯ ತಾಯಿಬೇರು ಸ್ವೀಡನ್ನಿನ ಲ್ಯಾಂಡ್ಸ್‌ವರ್ಕ್ ಎಲ್-60. ತುರಾನ್‌ನ ಮೂಲ ಸ್ಕೋಡಾದ ವಿನ್ಯಾಸ. ಫ್ರಾನ್ಸಿನ ರೆನೋ ಆರ್35 ಪೋಲೆಂಡ್, ರೊಮೇನಿಯಾ, ಯುಗೊಸ್ಲಾವಿಯಾಗಳ ಸೇನೆಯಲ್ಲೂ ಇತ್ತು, ಕೊನೆಗೆ ಜರ್ಮನರ ಕೈಗೂ ಸಿಕ್ಕಿತು. ಒಂದು ಕಿಟ್ಟು, ಐದು ಸೇನೆ.

ಆದರೆ ವಂಶ ಒಂದೇ ಎಂದ ಮಾತ್ರಕ್ಕೆ ಮುಖ ಒಂದೇ ಇರಬೇಕೆಂದಿಲ್ಲ. ಪೋಲೆಂಡಿನ 7ಟಿಪಿ ಮತ್ತು ಸೋವಿಯತ್ ಟಿ-26 ಎರಡೂ ಬ್ರಿಟನ್ನಿನ ವಿಕರ್ಸ್ ಆರು ಟನ್ ಟ್ಯಾಂಕಿನ ಮಕ್ಕಳು. ಗಾಲಿಗಳ ಜೋಡಣೆ ನೋಡಿದರೆ ಅಣ್ಣತಮ್ಮಂದಿರೆಂದು ತಕ್ಷಣ ತಿಳಿಯುತ್ತದೆ. ಆದರೆ 7ಟಿಪಿಗೆ ಸೌರರ್ ಡೀಸೆಲ್ ಇಂಜಿನ್ ಹಾಕಿದ್ದರಿಂದ ಅದರ ಹಿಂಭಾಗ ಬೇರೆಯಾಯಿತು, ಟರೆಟ್ಟೂ ಬೇರೆ. ಟಿ-26ಕ್ಕೆ ಪೋಲಿಷ್ ಬಣ್ಣ ಹಚ್ಚಿದರೆ ಅದು 7ಟಿಪಿ ಆಗದು. ಆದ್ದರಿಂದ ವಂಶಾವಳಿಯ ಹಾಳೆಯಲ್ಲಿ ನಾಲ್ಕನೆಯ ಸಾಲೊಂದನ್ನು ಸೇರಿಸಿ: ಮೂಲದಿಂದ ಇದು ಎಲ್ಲಿ ಬೇರೆಯಾಗುತ್ತದೆ? ಆ ಸಾಲಿನಲ್ಲಿ ಒಂದೆರಡು ಅಂಶಗಳಿದ್ದರೆ ಮಾರ್ಪಡಿಸಿ, ಐದಾರು ಇದ್ದರೆ ಸೀದಾ ಆ ಟ್ಯಾಂಕಿನದೇ ಮಾಡೆಲ್ ಹುಡುಕಿ.

ಹೆಜ್ಜೆ 4: ಟ್ಯಾಂಕಿನ ತವರಲ್ಲಿ ಹುಡುಕಿ

ತಮ್ಮ ದೇಶದ ಟ್ಯಾಂಕುಗಳ ಮೇಲೆ ಅಕ್ಕರೆ ಇರುವುದು ಆಯಾ ದೇಶದ ತಯಾರಕರಿಗೇ. ಪೋಲೆಂಡಿನ ಫಸ್ಟ್ ಟು ಫೈಟ್ 1939ರ ಸೆಪ್ಟೆಂಬರ್ ಯುದ್ಧವನ್ನೇ ಮುಂದಿಟ್ಟುಕೊಂಡು 1/72ರಲ್ಲಿ 7ಟಿಪಿ, ಪುಟ್ಟ ಟ್ಯಾಂಕಾದ ಟಿಕೆಎಸ್‌ನಂಥವನ್ನು ತಂದಿತು. ಭಾಗಗಳು ಕಡಿಮೆ, ಜೋಡಿಸುವುದು ಬೇಗ, ಆಟಗಾರರಿಗೆ ಹೇಳಿ ಮಾಡಿಸಿದಂತಿವೆ. ಅದೇ ದೇಶದ ಐಬಿಜಿ 1/72ರಲ್ಲಿ ತೋಲ್ದಿ, ತುರಾನ್ ಜೊತೆಗೆ ಹಂಗೇರಿಯದೇ ತೋಪುವಾಹನವಾದ ಝ್ರೀನಿಯನ್ನೂ ಕೊಟ್ಟಿದೆ. ಹಂಗೇರಿಯ ಸೇನೆ ಕಟ್ಟುವವರು 1/72ನ್ನು ಆರಿಸಿಕೊಳ್ಳಲು ಇದೊಂದೇ ಕಾರಣ ಸಾಕು. ಸೂಕ್ಷ್ಮ ಭಾಗಗಳು ಜಾಸ್ತಿ ಇರುವುದರಿಂದ ಆಟಕ್ಕೆಂದು ಕಟ್ಟುವಾಗ ಸಣ್ಣ ಕೊಕ್ಕೆ, ಹಿಡಿಕೆಗಳನ್ನು ಬಿಟ್ಟುಬಿಡಿ, ಹೇಗೂ ಎರಡನೇ ಆಟಕ್ಕೆ ಮುರಿದು ಬೀಳುತ್ತವೆ. ಯುಕ್ರೇನಿನ ಯುಎಂ 1/72ರಲ್ಲಿ ಟಿ-26 ಮತ್ತು ಬಿಟಿ ಕುಟುಂಬದ ಹಲವು ಆವೃತ್ತಿಗಳನ್ನು ಮಾಡಿದೆ. ಬೆಲಾರೂಸಿನ ಪಿಎಸ್‌ಟಿ ಹೆಸರಾದದ್ದು ಸೋವಿಯತ್ ಭಾರೀ ಟ್ಯಾಂಕುಗಳಾದ ಕೆವಿ ಮತ್ತು ಐಎಸ್ ಸರಣಿಗೆ. ಜಪಾನಿನ ಫುಜಿಮಿಯ 1/76ರಲ್ಲಿ ಆ ದೇಶದ್ದೇ ಚಿ-ಹಾ ಟ್ಯಾಂಕು ಇದೆ.

1/100ರಲ್ಲಿ ರಷ್ಯದ ಜ್ವೆಜ್ದಾ ಆಟಗಾರರ ಪಾಲಿನ ಆಪದ್ಬಾಂಧವ. ಅಂಟು ಬೇಡದ, ಒತ್ತಿದರೆ ಕೂರುವ ಕಿಟ್ಟುಗಳು. ಟಿ-35, ಟಿ-28, ಕೆವಿ-2ರಂಥ ಬೇರೆ ಕಡೆ ಸುಲಭಕ್ಕೆ ಸಿಗದವೂ ಅದರ ಪಟ್ಟಿಯಲ್ಲಿವೆ. ನ್ಯೂಜಿಲೆಂಡಿನ ಬ್ಯಾಟಲ್‌ಫ್ರಂಟ್ ಮತ್ತು ಬ್ರಿಟನ್ನಿನ ಪ್ಲಾಸ್ಟಿಕ್ ಸೋಲ್ಜರ್ ಕಂಪನಿಗಳೂ ಇದೇ ಸ್ಕೇಲಿನವು. 1/56ರಲ್ಲಿ ವಾರ್‌ಲಾರ್ಡ್ ಗೇಮ್ಸ್ ಪ್ಲಾಸ್ಟಿಕ್ಕಿನ ಜೊತೆಗೆ ರೆಸಿನ್ (ದ್ರವವಾಗಿ ಹೊಯ್ದು ಗಟ್ಟಿಯಾಗಿಸುವ ರಾಳ) ಹಾಗೂ ಲೋಹದಲ್ಲೂ ಮಾಡುತ್ತದೆ. ಅಪರೂಪದವು ಸಾಮಾನ್ಯವಾಗಿ ಈ ರೆಸಿನ್ ಪಟ್ಟಿಯಲ್ಲೇ ಅಡಗಿರುತ್ತವೆ. ರೂಬಿಕಾನ್ ಹೆಚ್ಚಾಗಿ ಪ್ಲಾಸ್ಟಿಕ್, ಎಷ್ಟೋ ಡಬ್ಬಿಗಳಲ್ಲಿ ಒಂದೇ ಟ್ಯಾಂಕಿನ ಎರಡು ಮೂರು ಆವೃತ್ತಿಯ ಭಾಗಗಳನ್ನು ಕೊಟ್ಟಿರುತ್ತಾರೆ. ಒಂದು ಆವೃತ್ತಿ ಕಟ್ಟಿ ಮಿಕ್ಕ ಟರೆಟ್ಟು, ತೋಪುಗಳನ್ನು ಎಸೆಯಬೇಡಿ, ಮುಂದೆ ಬೇರೆ ಅಪರೂಪದ ವಾಹನಕ್ಕೆ ಅವೇ ಬೇಕಾಗುತ್ತವೆ.

ಸಣ್ಣ ಸ್ಕೇಲಿನಲ್ಲಿ ಅಮೆರಿಕದ ಜಿಎಚ್‌ಕ್ಯು 1/285ರಲ್ಲಿ, ಬ್ರಿಟನ್ನಿನ ಹೀರೋಯಿಕ್ಸ್ ಆ್ಯಂಡ್ ರಾಸ್ 1/300ರಲ್ಲಿ ಲೋಹದ ಟ್ಯಾಂಕುಗಳನ್ನು ಎರಕ ಹೊಯ್ಯುತ್ತವೆ. ಅಪರೂಪದ ಸೇನೆಗಳಿಗೆ ಈ ಸ್ಕೇಲು ತುಂಬ ಉದಾರಿ, ದೊಡ್ಡ ಸ್ಕೇಲಿನಲ್ಲಿ ಸಿಗದ ಎಷ್ಟೋ ವಾಹನಗಳು ಇಲ್ಲಿ ಸಿಗುತ್ತವೆ. 1/76ರಲ್ಲಿ ಸ್ಕಾಟ್ಲೆಂಡಿನ ಮಿಲಿಕಾಸ್ಟ್ ರೆಸಿನ್ ಕಿಟ್ಟುಗಳ ಪಟ್ಟಿಯನ್ನು ಒಮ್ಮೆ ಬಿಡುವು ಮಾಡಿಕೊಂಡು ಓದಿ, ಬ್ರಿಟಿಷ್ ವಾಹನಗಳ ಮಟ್ಟಿಗೆ ಅದು ದೊಡ್ಡ ಭಂಡಾರ. ಜಪಾನಿನ ಟಕಾರಾ ತಂದ ವರ್ಲ್ಡ್ ಟ್ಯಾಂಕ್ ಮ್ಯೂಸಿಯಂ ಎಂಬ, ಬಣ್ಣ ಹಚ್ಚಿಯೇ ಬರುವ 1/144 ಸರಣಿಯನ್ನೂ ಮರೆಯಬೇಡಿ.

ಹುಡುಕುವಾಗ ಟ್ಯಾಂಕಿನ ಹೆಸರನ್ನು ಅದರ ತವರಿನ ಲಿಪಿಯಲ್ಲೇ ಹಾಕಿ. ಸೋವಿಯತ್ ಟ್ಯಾಂಕಾದರೆ ರಷ್ಯನ್ ಅಕ್ಷರ, ಜಪಾನಿನದ್ದಾದರೆ ಜಪಾನಿ ಅಕ್ಷರ. ಹೊರಗಿನ ಪಟ್ಟಿಗಳಲ್ಲಿ ಕಾಣದ ಸಣ್ಣ ತಯಾರಕರು ಆಗ ಕಾಣಿಸಿಕೊಳ್ಳುತ್ತಾರೆ.

ಹೆಜ್ಜೆ 5: ನಿಂತುಹೋದ ಕಿಟ್ಟಿನ ಅಚ್ಚು ಎಲ್ಲಿ ಹೋಯಿತೆಂದು ನೋಡಿ

"ಈಗ ತಯಾರಾಗುತ್ತಿಲ್ಲ" ಎಂಬ ಉತ್ತರ ಸಿಕ್ಕರೆ ಅಲ್ಲಿಗೇ ಬಿಡಬೇಡಿ. ಉಕ್ಕಿನ ಅಚ್ಚು ದುಬಾರಿ ವಸ್ತು, ಕಂಪನಿ ಮುಚ್ಚಿದರೂ ಅದು ಸಾಮಾನ್ಯವಾಗಿ ಇನ್ನೊಬ್ಬರ ಕೈಸೇರುತ್ತದೆ. ಎಸ್ಕಿಯ 1/72 ಅಚ್ಚುಗಳು ಇಟಾಲೆರಿಗೆ ಹೋದವು. ಮ್ಯಾಚ್‌ಬಾಕ್ಸ್ 1/76ರಲ್ಲಿ ಫ್ರಾನ್ಸಿನ ಶಾರ್ ಬಿ1 ಬಿಸ್ ಮತ್ತು ರೆನೋ ಎಫ್‌ಟಿಯನ್ನು ಒಂದೇ ಡಬ್ಬಿಯಲ್ಲಿ ಕೊಡುತ್ತಿತ್ತು. ಮ್ಯಾಚ್‌ಬಾಕ್ಸಿನ ಅಚ್ಚುಗಳು ಆಮೇಲೆ ರೆವೆಲ್ ಪಾಲಾದವು. ಸ್ಕೇಲ್‌ಮೇಟ್ಸ್ ಎಂಬ ಜಾಲತಾಣದಲ್ಲಿ ಒಂದು ಕಿಟ್ಟಿನ ಪುಟ ತೆರೆದರೆ ಅದೇ ಅಚ್ಚು ಯಾವ ವರ್ಷ ಯಾವ ಹೆಸರಿನ ಡಬ್ಬಿಯಲ್ಲಿ ಬಂತೆಂಬ ಕಾಲಾನುಕ್ರಮ ಸಿಗುತ್ತದೆ. ಆ ಹೆಸರುಗಳನ್ನೆಲ್ಲ ಬರೆದುಕೊಂಡು ಒಂದೊಂದಾಗಿ ಹುಡುಕಿ. ಹಳೇ ಡಬ್ಬಿಗೆ ಸಂಗ್ರಾಹಕರ ಬೆಲೆ ಇರುವಾಗ ಅದೇ ಪ್ಲಾಸ್ಟಿಕ್ಕು ಹೊಸ ಡಬ್ಬಿಯಲ್ಲಿ ಅಗ್ಗಕ್ಕೆ ಬಿದ್ದಿರುತ್ತದೆ.

ಸೆಕೆಂಡ್‌ಹ್ಯಾಂಡ್ ಮಾರಾಟದಲ್ಲಿ ಇದಕ್ಕಿಂತಲೂ ಒಳ್ಳೆಯ ಅವಕಾಶವಿದೆ. ಒಬ್ಬರು ಆಟ ಬಿಟ್ಟಾಗ ಮನೆಯವರು "ಹಳೆಯ ಟ್ಯಾಂಕುಗಳು, ಒಟ್ಟಿಗೆ" ಎಂದಷ್ಟೇ ಬರೆದು ಮಾರಾಟಕ್ಕಿಡುತ್ತಾರೆ. ಅದರಲ್ಲಿ ಏನಿದೆ ಎಂದು ಅವರಿಗೆ ಗೊತ್ತಿರುವುದಿಲ್ಲ, ನಿಮಗೆ ಗೊತ್ತಿರಬೇಕು. ಮಸುಕು ಫೋಟೊದಲ್ಲೂ ಗುರುತು ಹಿಡಿಯಲು ಗಾಲಿ ಎಣಿಸಿ. ಪಕ್ಕದಲ್ಲಿ ನಾಲ್ಕು ದೊಡ್ಡ ಗಾಲಿಯಿದ್ದರೆ ಬಿಟಿ ಅಥವಾ 38(ಟಿ), ಎಂಟು ಪುಟ್ಟ ಗಾಲಿಗಳ ಸಾಲಿದ್ದರೆ 35(ಟಿ) ಅಥವಾ ವಿಕರ್ಸ್ ಕುಟುಂಬ, ಐದು ದೊಡ್ಡ ಗಾಲಿಯಾದರೆ ಹೆಚ್ಚಾಗಿ ಟಿ-34. ಗಾಲಿಯಿಂದ ಕುಟುಂಬ ತಿಳಿದರೆ, ಟರೆಟ್ಟಿನಿಂದ ಆವೃತ್ತಿ ತಿಳಿಯುತ್ತದೆ. ಈ ಅಭ್ಯಾಸ ಒಮ್ಮೆ ಕೂತರೆ ಕಣ್ಣು ತಾನೇ ಹೆಕ್ಕಿಕೊಳ್ಳುತ್ತದೆ.

ಕೊಳ್ಳುವ ಮುನ್ನ ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ತೆಗೆದ ಫೋಟೊ ಕೇಳಿ. ಅಡಿಯ ಭಾಗದ್ದೂ ಒಂದು ಫೋಟೊ ಇರಲಿ, ಮುರಿದ ಟ್ರ್ಯಾಕು, ಅಂಟಿನ ಕಲೆಗಳು ಅಲ್ಲೇ ಕಾಣುವುದು. ದಪ್ಪಗೆ ಬಣ್ಣ ಮೆತ್ತಿದ್ದರೆ ಹಿಂಜರಿಯಬೇಡಿ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿದರೆ ಅಕ್ರಿಲಿಕ್ ಬಣ್ಣ ಬಿಡುತ್ತದೆ. ಪ್ಲಾಸ್ಟಿಕ್ ಮಾಡೆಲ್ಲಿಗೆ ಅಸಿಟೋನ್ ಮಾತ್ರ ಸೋಕಿಸಬೇಡಿ, ಕರಗಿ ಮುದ್ದೆಯಾಗುತ್ತದೆ.

ಕಳ್ಳ ಎರಕದ ಬಗ್ಗೆ ಒಂದು ಮಾತು. ಒಬ್ಬರು ಕಷ್ಟಪಟ್ಟು ಕೆತ್ತಿದ ಮಾಡೆಲನ್ನು ಇನ್ನೊಬ್ಬರು ರಬ್ಬರ್ ಅಚ್ಚಿನಲ್ಲಿ ಒತ್ತಿ, ನಕಲು ಹೊಯ್ದು ಮಾರುವುದುಂಟು. ಮೊಂಡಾದ ಅಂಚು, ಅಲ್ಲಲ್ಲಿ ಗುಳ್ಳೆ, ಮೂಲ ತಯಾರಕರ ಜಾಲತಾಣದಿಂದ ಎತ್ತಿದ ಫೋಟೊ, ನಂಬಲಾಗದಷ್ಟು ಕಡಿಮೆ ಬೆಲೆ ಇದರ ಗುರುತುಗಳು. ಎರಕದ ರೆಸಿನ್ ಸ್ವಲ್ಪ ಕುಗ್ಗುವುದರಿಂದ ನಕಲಿನ ಅಳತೆಯೂ ಚಿಕ್ಕದಾಗಿರುತ್ತದೆ. ಅಪರೂಪದ ಟ್ಯಾಂಕುಗಳನ್ನು ಮಾಡುವವರು ಬಹುಪಾಲು ಒಬ್ಬಿಬ್ಬರೇ ನಡೆಸುವ ಪುಟ್ಟ ಉದ್ಯಮಿಗಳು. ಅವರ ನಕಲು ಕೊಂಡರೆ ಅವರ ಮುಂದಿನ ಮಾಡೆಲ್ ಬರುವುದೇ ಇಲ್ಲ.

ಹೆಜ್ಜೆ 6: 3ಡಿ ಮುದ್ರಣ

ಕಳೆದ ದಶಕದಲ್ಲಿ ಅಪರೂಪದ ಟ್ಯಾಂಕುಗಳ ಪಾಲಿಗೆ ಬಂದ ದೊಡ್ಡ ಬದಲಾವಣೆ ಇದು. ಅಚ್ಚು ಮಾಡಿಸುವ ಖರ್ಚಿಲ್ಲದ್ದರಿಂದ ಹತ್ತೇ ಜನ ಕೊಳ್ಳುವ ಟ್ಯಾಂಕಿಗೂ ಒಬ್ಬ ವಿನ್ಯಾಸಗಾರ ಸಿಗುತ್ತಾನೆ. ವಾರ್‌ಗೇಮಿಂಗ್3ಡಿ, ಥಿಂಗಿವರ್ಸ್, ಕಲ್ಟ್ಸ್, ಮೈಮಿನಿಫ್ಯಾಕ್ಟರಿಗಳಲ್ಲಿ ಉಚಿತವಾಗಿಯೂ ಹಣಕ್ಕೂ ಫೈಲುಗಳು ಸಿಗುತ್ತವೆ. ಬೇಕಾದ ಫೈಲು ಕಂಡರೆ ನಾಳೆ ನೋಡೋಣ ಎನ್ನಬೇಡಿ, ಪರವಾನಗಿಯ ಮಾಹಿತಿಯ ಸಮೇತ ಇಳಿಸಿಟ್ಟುಕೊಳ್ಳಿ. ಕೇಳಿದ್ದನ್ನು ಮುದ್ರಿಸಿ ಕಳಿಸುತ್ತಿದ್ದ ಶೇಪ್‌ವೇಸ್ 2024ರಲ್ಲಿ ದಿವಾಳಿ ಎದ್ದಾಗ ಅದನ್ನೇ ನಂಬಿದ್ದ ಎಷ್ಟೋ ವಿನ್ಯಾಸಗಾರರ ಮಳಿಗೆಗಳು ಒಮ್ಮೆಲೇ ಮುಚ್ಚಿದವು. ಹೆಸರು ಉಳಿಸಿಕೊಂಡು ಅದು ಮತ್ತೆ ಶುರುವಾಯಿತಾದರೂ ಇಂಥ ಸೇವೆಗಳನ್ನು ಶಾಶ್ವತ ಎಂದುಕೊಳ್ಳಬಾರದು.

ಸ್ಕೇಲ್ ಬದಲಿಸಲು ಮೂಲ ಸ್ಕೇಲಿನ ಅಂಕಿಯನ್ನು ಬೇಕಾದ ಸ್ಕೇಲಿನ ಅಂಕಿಯಿಂದ ಭಾಗಿಸಿ. 1/100ರ ಫೈಲು 1/56ಕ್ಕೆ ಬೇಕೆಂದರೆ 100 ಭಾಗಿಸು 56, ಅಂದರೆ ಶೇಕಡಾ 178.6. 1/100ರಿಂದ 1/72ಕ್ಕೆ 138.9, 1/56ರಿಂದ 1/72ಕ್ಕೆ 77.8. ಹಿಗ್ಗಿಸಿದಾಗ ಮೈ ಬೋಳಾಗಿ ಕಾಣುತ್ತದೆ, ರಿವೆಟ್ಟುಗಳು ಉಬ್ಬಿ ಕಾಣುತ್ತವೆ. ಕುಗ್ಗಿಸಿದಾಗಿನ ತೊಂದರೆ ಇದಕ್ಕಿಂತ ಕೆಟ್ಟದ್ದು: ತೋಪಿನ ನಳಿಗೆ ಕೂದಲೆಳೆಯಾಗಿ, ಮುದ್ರಕದಿಂದ ಬಿಡಿಸುವಾಗಲೇ ಮುರಿಯುತ್ತದೆ. ಅಂಥ ಕಡೆ ನಳಿಗೆಯನ್ನು ಕತ್ತರಿಸಿ ಹಿತ್ತಾಳೆ ತಂತಿ ಕೂರಿಸಿ. ಗಟ್ಟಿಯೂ ಹೌದು, ನೇರವೂ ಇರುತ್ತದೆ.

ನಿಮ್ಮಲ್ಲಿ ಮುದ್ರಕ ಇಲ್ಲದಿದ್ದರೆ ಮುದ್ರಿಸಿ ಮಾರುವವರಿಂದ ಕೊಳ್ಳಬಹುದು. ಆ ಫೈಲಿಗೆ ವಾಣಿಜ್ಯ ಪರವಾನಗಿ ಇದೆಯೇ ಎಂದು ಕೇಳಿ, ಸರಿಯಾದ ಮಾರಾಟಗಾರರು ಸಂಕೋಚವಿಲ್ಲದೆ ಹೇಳುತ್ತಾರೆ. ಮುದ್ರಣ ರೆಸಿನ್ನಿನದೋ (ದ್ರವವನ್ನು ಬೆಳಕಿನಿಂದ ಗಟ್ಟಿ ಮಾಡುವುದು) ತಂತುವಿನದೋ (ಪ್ಲಾಸ್ಟಿಕ್ ಎಳೆ ಕರಗಿಸಿ ಪದರ ಹಾಕುವುದು) ಎಂಬುದೂ ಮುಖ್ಯ. 1/100ಕ್ಕಿಂತ ಸಣ್ಣದಕ್ಕೆ ರೆಸಿನ್ ಮುದ್ರಣವೇ ಸರಿ. 1/56ರ ಟ್ಯಾಂಕಿನ ದೊಡ್ಡ ಒಡಲಿಗೆ ತಂತು ಮುದ್ರಣ ನಡೆಯುತ್ತದೆ, ಪದರದ ಗೆರೆಗಳನ್ನು ಉಜ್ಜಿ ತೆಗೆಯುವ ತಾಳ್ಮೆ ಬೇಕು. ಮನೆಯಲ್ಲೇ ರೆಸಿನ್ ಮುದ್ರಿಸುವವರು ಹಸಿ ರೆಸಿನ್ ಚರ್ಮಕ್ಕೆ ತಾಗದಂತೆ ನೈಟ್ರೈಲ್ ಕೈಗವಸು ಹಾಕಿ, ಗಾಳಿಯಾಡುವ ಕೋಣೆಯಲ್ಲಿ ಕೆಲಸ ಮಾಡಿ. ಇದರಲ್ಲಿ ರಾಜಿ ಬೇಡ.

ಹೆಜ್ಜೆ 7: ಎಲ್ಲೂ ಸಿಗದಿದ್ದರೆ ಕಟ್ಟಿಕೊಳ್ಳಿ. ಬಿಟಿ-42ರ ಉದಾಹರಣೆ

ಫಿನ್ಲೆಂಡಿನವರು 18 ಬಿಟಿ-42 ಕಟ್ಟಿದರು. 1944ರ ಜೂನ್‌ನಲ್ಲಿ ವೀಪುರಿ ನಗರದಲ್ಲಿ (ಈಗ ರಷ್ಯದ ವೈಬೋರ್ಗ್) ಅವು ಟಿ-34ಗಳ ಎದುರು ನಿಂತವು. ಇವತ್ತು ಪರೋಲಾದಲ್ಲಿ ಒಂದು ಉಳಿದಿದೆ. ಜಪಾನಿನ ತಮಿಯಾ ಕಂಪನಿ ಇದನ್ನು 1/35ರಲ್ಲಿ ಮಾಡಿದೆ, ಆದರೆ ಆ ಗಾತ್ರ ನಮ್ಮ ಆಟಕ್ಕೆ ಬಾರದು. 1/72ರಲ್ಲಿ ಕಟ್ಟುವುದು ಹೀಗೆ.

ವಂಶಾವಳಿ ಹೇಳುತ್ತದೆ: ಚಾಸಿ ಬಿಟಿ-7ರ 1937ರ ಮಾದರಿ, ತೋಪು ಬ್ರಿಟನ್ನಿನ 4.5 ಇಂಚಿನ ಹೊವಿಟ್ಜರ್, ಅಂದರೆ 114 ಮಿ.ಮೀ. ಆದ್ದರಿಂದ 1/72ರ ಬಿಟಿ-7 ಕಿಟ್ ತನ್ನಿ. ಬಿಟಿ-5 ಸಿಕ್ಕಿತೆಂದು ತರಬೇಡಿ, ಒಡಲಿನ ಮೂತಿಯೇ ಬೇರೆ. 5.66 ಮೀಟರಿನ ಬಿಟಿ-7 ನಿಮ್ಮ ಕೈಯಲ್ಲಿ 79 ಮಿ.ಮೀ. ಇರಬೇಕು, ಮೊದಲು ಅಳೆಯಿರಿ.

ಒಡಲನ್ನು ಇದ್ದಂತೆಯೇ ಕಟ್ಟಿ. ಕೆಲಸವಿರುವುದೆಲ್ಲ ಟರೆಟ್ಟಿನಲ್ಲಿ. ಫಿನ್ನರು ಮೂಲ ಟರೆಟ್ಟನ್ನೇ ಬೆಳೆಸಿ, ದೊಡ್ಡ ಹೊವಿಟ್ಜರಿನ ಹಿಂಬದಿಗೆ ಜಾಗ ಮಾಡಲು ಎತ್ತರದ ಪೆಟ್ಟಿಗೆಯಂತೆ ಮಾಡಿದ್ದರು. 1/35ರ ನಕ್ಷೆ ಸಿಕ್ಕರೆ ಅದನ್ನು ಶೇಕಡಾ 48.6ಕ್ಕೆ ಕುಗ್ಗಿಸಿ ಮುದ್ರಿಸಿ (35 ಭಾಗಿಸು 72), 1/72ರ ನಕ್ಷೆ ತಯಾರು. ಆ ಕಾಗದವನ್ನು ಅರ್ಧ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಗೆ ಅಂಟುಕಡ್ಡಿಯಿಂದ ಅಂಟಿಸಿ, ಗೋಡೆಗಳನ್ನು ಗೆರೆಯ ಹೊರಗೇ ಕೂದಲೆಳೆಯಷ್ಟು ಬಿಟ್ಟು ಕತ್ತರಿಸಿ. ಅಂಟು ಹಾಕದೆ ಜೋಡಿಸಿ ನೋಡಿ, ಉಜ್ಜಿ, ಮತ್ತೆ ನೋಡಿ. ಕಿಟ್ಟಿನ ಟರೆಟ್ಟಿನ ಕೆಳಗಿನ ಉಂಗುರ ಉಳಿಸಿಕೊಂಡರೆ ಟರೆಟ್ಟು ಒಡಲಿನ ಮೇಲೆ ಸರಿಯಾಗಿ ಕೂತು ತಿರುಗುತ್ತದೆ.

ನಳಿಗೆಗೆ ಲೆಕ್ಕ: 114 ಭಾಗಿಸು 72 ಎಂದರೆ ಸುಮಾರು 1.6 ಮಿ.ಮೀ. ಒಳರಂಧ್ರ. ಅದಕ್ಕೆ ಹತ್ತಿರದ ಹಿತ್ತಾಳೆ ಕೊಳವೆಯ ತುಂಡು ಸಾಕು. ತುದಿಯ ಮಝಲ್ ಬ್ರೇಕಿಗೆ (ಹಾರಿಸಿದಾಗಿನ ಹಿಂದೂಡುವಿಕೆ ತಗ್ಗಿಸುವ ಭಾಗ) ಒಂದಳತೆ ದೊಡ್ಡ ಕೊಳವೆಯ ತುಣುಕನ್ನು ಮೇಲಿನಿಂದ ತೊಡಿಸಿ ಸೂಪರ್‌ಗ್ಲೂ ಹಾಕಿ. ಮೂರಡಿ ದೂರದಿಂದ ನೋಡುವ ಆಟದ ಮೇಜಿಗೆ ಮುಖ್ಯವಾದದ್ದು ಹೊರರೇಖೆ: ಎತ್ತರದ ಟರೆಟ್ಟು, ಗಿಡ್ಡ ದಪ್ಪ ನಳಿಗೆ, ಕೆಳಗೆ ತೆಳ್ಳಗಿನ ಬಿಟಿ ಮೈ. ಈ ಮೂರು ಸರಿಯಾದರೆ ನೋಡಿದವರು ಬಿಟಿ-42 ಎಂದು ಹೆಸರಿಟ್ಟೇ ಕರೆಯುತ್ತಾರೆ. 1943ರಿಂದ ಫಿನ್ಲೆಂಡಿನ ಟ್ಯಾಂಕುಗಳಿಗಿದ್ದ ಹಸಿರು, ಮರಳುಕಂದು, ಬೂದು ಬಣ್ಣಗಳ ಮರೆಮಾಚುವ ತೇಪೆಗಳನ್ನು ಹಾಕಿ.

ಮಾಡೆಲ್ ಕೈಸೇರಿದ ದಿನ

ಡಬ್ಬಿ ಬಿಚ್ಚಿದ ಕೂಡಲೇ ಉದ್ದ, ಅಗಲ ಅಳೆದು ನಿಮ್ಮ ಲೆಕ್ಕಕ್ಕೆ ತಾಳೆ ನೋಡಿ. ರೆಸಿನ್ ಭಾಗಗಳನ್ನು ಸಾಬೂನು ನೀರಿನಲ್ಲಿ ತೊಳೆಯಿರಿ, ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಹಿಡಿಯುವುದಿಲ್ಲ. ಬಾಗಿದ ನಳಿಗೆಯನ್ನು ಬಿಸಿನೀರಿನಲ್ಲಿ ಅದ್ದಿ, ನೆಟ್ಟಗೆ ಮಾಡಿ, ತಣ್ಣೀರಿಗೆ ಹಾಕಿ. ಪ್ಲಾಸ್ಟಿಕ್ ಸಿಮೆಂಟು ರೆಸಿನ್ನಿಗೂ ಲೋಹಕ್ಕೂ ಅಂಟುವುದಿಲ್ಲ, ಸೂಪರ್‌ಗ್ಲೂ ಬೇಕು. ರೆಸಿನ್ ಉಜ್ಜುವಾಗ ಮುಖಗವಸು ಹಾಕಿ ಒದ್ದೆ ಮಾಡಿಕೊಂಡು ಉಜ್ಜಿ, ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು.

ತಯಾರಕರನ್ನೇ ಕೇಳುವುದು

ಇಷ್ಟೆಲ್ಲ ಆದರೂ ಸಿಗದ, ಕಟ್ಟಲೂ ಆಗದ ಟ್ಯಾಂಕಿದ್ದರೆ ಪುಟ್ಟ ತಯಾರಕರಿಗೆ ಅಥವಾ 3ಡಿ ವಿನ್ಯಾಸಗಾರರಿಗೆ ಪತ್ರ ಬರೆಯಿರಿ. ಹಲವರು ಓದುತ್ತಾರೆ, ಓದಿ ಮಾಡಿಯೂ ಕೊಡುತ್ತಾರೆ. "ಇದನ್ನು ಮಾಡಿ" ಎಂದಷ್ಟೇ ಬರೆದರೆ ಪ್ರಯೋಜನವಿಲ್ಲ. ಅಳತೆಯಿರುವ ನಕ್ಷೆ, ನಾಲ್ಕು ಕಡೆಯ ಫೋಟೊ, ಯಾವ ಪರಿಚಿತ ಚಾಸಿಯ ಮೇಲೆ ಅದು ನಿಂತಿದೆ ಎಂಬ ವಿವರ ಕಳಿಸಿ. ಅವರ ಬಳಿ ಆ ಚಾಸಿಯ ಮಾಡೆಲ್ ಈಗಾಗಲೇ ಇದ್ದರೆ ಕೆಲಸ ಅರ್ಧಕ್ಕೆ ಇಳಿಯುತ್ತದೆ, ಒಪ್ಪುವ ಸಾಧ್ಯತೆ ಅಷ್ಟೇ ಹೆಚ್ಚು. ನಿಮ್ಮ ಜೊತೆ ಆಡುವವರಲ್ಲಿ ಎಷ್ಟು ಜನ ಎಷ್ಟೆಷ್ಟು ಕೊಳ್ಳುತ್ತಾರೆಂದು ವಿಚಾರಿಸಿ ಆ ಸಂಖ್ಯೆಯನ್ನೂ ಬರೆಯಿರಿ, ಮತ್ತು ಅಷ್ಟನ್ನು ತಪ್ಪದೆ ಕೊಳ್ಳಿ.